ಹಳೆಯ ಸೇನಾ ಟ್ರಕ್ಕು: ಬದಲಿಸುವ ಮೊದಲು ಅಳೆಯಿರಿ

ಸೇನೆಯಲ್ಲಿ ದುಡಿದು ಹರಾಜಿನ ಮೂಲಕ ಖಾಸಗಿಯವರ ಕೈಸೇರಿದ ಟ್ರಕ್ಕುಗಳನ್ನು ನನ್ನ ಬಳಿಗೆ ತರುವವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಸಿದ್ಧಮಾಡಿಕೊಂಡೇ ಬಂದಿರುತ್ತಾರೆ. ಈ ಎಂಜಿನ್ ಇಳಿಸಿ ಬೇರೆಯದನ್ನು ಕೂರಿಸಬಹುದೇ? ಈ 24 ವೋಲ್ಟಿನ ವೈರಿಂಗನ್ನೆಲ್ಲ ಕಿತ್ತು 12 ವೋಲ್ಟಿಗೆ ತರಬಹುದೇ? ಎರಡೂ ಸಾಧ್ಯ. ಆದರೆ ಅದಕ್ಕೆ ಕೈಹಾಕುವ ಮುನ್ನ ನಾನು ಮಲ್ಟಿಮೀಟರ್ ಹಿಡಿದು ಇಡೀ ಒಂದು ದಿನವನ್ನು ಆ ಟ್ರಕ್ಕಿನ ಮೇಲೆ ಕಳೆಯುತ್ತೇನೆ. ಎಂಜಿನ್ ಸತ್ತಿದೆ ಎಂದು ಬಂದವುಗಳಲ್ಲಿ ಹಲವಕ್ಕೆ ಬೇಕಾಗಿದ್ದದ್ದು ಹೊಸ ಡೀಸೆಲ್ ಹೋಸುಗಳು, ತೊಳೆದ ಟ್ಯಾಂಕು ಮತ್ತು ಬ್ಯಾಟರಿಯ ಋಣ ತುದಿಯನ್ನು ಟ್ರಕ್ಕಿನ ಲೋಹಕ್ಕೆ ಸೇರಿಸುವ ಒಂದು ಒಳ್ಳೆಯ ಅರ್ತ್ ಕೇಬಲ್ ಮಾತ್ರ.

ಸೆಲ್ಫ್, ಅಂದರೆ ಎಂಜಿನ್ ಚಾಲೂ ಮಾಡುವ ಮೋಟಾರು, ನಿಧಾನವಾಗಿ ತಿರುಗುವ ದೂರನ್ನೇ ತೆಗೆದುಕೊಳ್ಳೋಣ. ಡೀಸೆಲ್ ಎಂಜಿನ್ ಹೊತ್ತಿಕೊಳ್ಳುವುದು ಒತ್ತಿದ ಗಾಳಿಯ ಶಾಖದಿಂದ. ತಿರುಗುವ ವೇಗ ಕುಗ್ಗಿದರೆ ಗಾಳಿ ಸಾಕಷ್ಟು ಕಾಯುವುದಿಲ್ಲ, ಆಗ ತಪ್ಪು ಡೀಸೆಲ್ ಪಂಪಿನದೋ ಅದನ್ನು ಚಿಮ್ಮಿಸುವ ನಾಸಲ್‌ನದೋ ಎಂದು ತೋರುತ್ತದೆ. ಸೆಲ್ಫ್ 400 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಕಿಲುಬು ಹಿಡಿದ ಒಂದು ಜೋಡಣೆಯಲ್ಲಿ ಒಂದು ಮಿಲಿಓಮ್ ಪ್ರತಿರೋಧವಿದ್ದರೂ ಅಲ್ಲಿ 0.4 ವೋಲ್ಟ್ ನಷ್ಟ, ಅಂಥ ಐದು ಜೋಡಣೆಗಳಿದ್ದರೆ 2 ವೋಲ್ಟ್. ಓಮ್‌ಮೀಟರಿನಿಂದ ಇದು ಸಿಗುವುದಿಲ್ಲ. ಸೆಲ್ಫ್ ತಿರುಗುತ್ತಿರುವಾಗಲೇ ಬ್ಯಾಟರಿಯ ಋಣ ತುದಿಯಿಂದ ಎಂಜಿನ್ ಬ್ಲಾಕಿಗೆ, ಧನ ತುದಿಯಿಂದ ಸೆಲ್ಫಿನ ಬೋಲ್ಟಿಗೆ ವೋಲ್ಟೇಜ್ ಅಳೆಯಬೇಕು. ಯಾವ ಕಡೆ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೂ ಆ ಕಡೆಯ ಒಂದೊಂದು ಜೋಡಣೆಯನ್ನೂ ಬಿಚ್ಚಿ, ಬಣ್ಣವನ್ನೂ ತುಕ್ಕನ್ನೂ ಲೋಹ ಕಾಣುವವರೆಗೆ ಉಜ್ಜಿ, ಮತ್ತೆ ಬಿಗಿಯಬೇಕು. ಈ ಟ್ರಕ್ಕುಗಳಿಗೆ ಸೇವಾವಧಿಯಲ್ಲಿ ಪದರದ ಮೇಲೆ ಪದರ ಬಣ್ಣ ಬಳಿದಿರುತ್ತಾರೆ, ಅರ್ತ್ ಬೋಲ್ಟುಗಳ ಅಡಿಗೂ ಆ ಬಣ್ಣ ಸೇರಿರುತ್ತದೆ.

24 ವೋಲ್ಟನ್ನು ಉಳಿಸಿಕೊಳ್ಳಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅಷ್ಟೇ ಶಕ್ತಿಗೆ 12 ವೋಲ್ಟಿನಲ್ಲಿ ಎರಡರಷ್ಟು ಕರೆಂಟ್ ಬೇಕು, ಅಂದರೆ ಕೇಬಲ್ಲುಗಳೂ ದಪ್ಪವಾಗಬೇಕು. ಅಮೆರಿಕದ ಎಂ35 ಸರಣಿಯ ಎರಡೂವರೆ ಟನ್ನಿನ ಟ್ರಕ್ಕಿನಲ್ಲಿ ತಂತಿಗಳ ತುದಿಗಳು ನೀರು ಹೋಗದ ರಬ್ಬರ್ ಕನೆಕ್ಟರುಗಳಲ್ಲಿವೆ, ಪ್ರತಿ ತಂತಿಗೂ ಸಂಖ್ಯೆ ಕೊರೆದ ಲೋಹದ ಪಟ್ಟಿಯಿದೆ, ಆ ಸಂಖ್ಯೆ ಕೈಪಿಡಿಯ ನಕ್ಷೆಗೆ ಹೊಂದುತ್ತದೆ. ಹೊಳೆ ದಾಟಲೆಂದು ಮಾಡಿದ ಈ ವ್ಯವಸ್ಥೆಯನ್ನು ಕತ್ತರಿಸಿ ಟೇಪು ಸುತ್ತಿದವರು ಮುಂದಿನ ಮೆಕ್ಯಾನಿಕ್‌ನಿಂದ ನಕ್ಷೆಯನ್ನೇ ಕಸಿದುಕೊಂಡಂತೆ. ಹೊಸ ದೀಪ ಬೇಕಿದ್ದರೆ ಅದಕ್ಕೆ ಫ್ಯೂಸ್ ಸಹಿತ ಪ್ರತ್ಯೇಕ ಲೈನ್ ಎಳೆಯಿರಿ, ಮೂಲ ಹಾರ್ನೆಸ್ಸನ್ನು (ತಂತಿಗಳ ಕಟ್ಟನ್ನು) ಮುಟ್ಟಬೇಡಿ.

ನಾನು ಅತಿ ಹೆಚ್ಚು ಕಾಣುವ ತಪ್ಪೆಂದರೆ, ರೇಡಿಯೋ ಅಥವಾ ಫೋನ್ ಚಾರ್ಜರಿಗಾಗಿ ಸರಣಿಯಲ್ಲಿರುವ ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಎಳೆಯುವುದು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೆ ಕಾಣುವುದು ಚಾರ್ಜಿಂಗ್ ಸಮಯದ ಒಟ್ಟು 28 ವೋಲ್ಟ್ ಮಾತ್ರ. ಬಳಕೆಯಲ್ಲಿರುವ ಬ್ಯಾಟರಿ 13.2ರಲ್ಲೇ ನಿಂತರೆ ಇನ್ನೊಂದಕ್ಕೆ 14.8 ಬೀಳುತ್ತದೆ. ಮೊದಲನೆಯದು ಪೂರ್ತಿ ಚಾರ್ಜಾಗದೆ ಸಲ್ಫೇಟ್ ಕಟ್ಟಿಕೊಳ್ಳುತ್ತದೆ, ಎರಡನೆಯದು ಕುದಿದು ನೀರು ಕಳೆದುಕೊಳ್ಳುತ್ತದೆ, ಕೆಲವೇ ತಿಂಗಳಲ್ಲಿ ಜೋಡಿಯೇ ಹಾಳಾಗುತ್ತದೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರನ್ನು ಹಾಕಿದರೆ ಎರಡರ ಮೇಲೂ ಹೊರೆ ಸಮವಾಗಿ ಬೀಳುತ್ತದೆ.

ಬ್ರಷ್ ಜನರೇಟರ್ ತೆಗೆದು ಆಲ್ಟರ್ನೇಟರ್ ಹಾಕುವುದು ಮಾತ್ರ ನಿಜಕ್ಕೂ ಸಾರ್ಥಕವಾದ ಸುಧಾರಣೆ, ಏಕೆಂದರೆ ನಿಂತಲ್ಲೇ ಓಡುವಾಗಲೂ ಅದು ಚಾರ್ಜ್ ಮಾಡುತ್ತದೆ. ಅದರ ಸಾಮರ್ಥ್ಯಕ್ಕೆ ತಕ್ಕ ದಪ್ಪದ ಕೇಬಲ್ ಬ್ಯಾಟರಿಯವರೆಗೂ ಹೋಗಬೇಕು. ಎಲ್‌ಇಡಿ ದೀಪಗಳನ್ನು ಕೊಳ್ಳುವಾಗ ಇನ್ನೊಂದು ಎಚ್ಚರ ಬೇಕು. ಸೇನಾ ವಾಹನಗಳ 28 ವೋಲ್ಟ್ ವ್ಯವಸ್ಥೆಗಾಗಿ ಬರೆದ ಮಿಲ್-ಎಸ್‌ಟಿಡಿ-1275 ಮಾನಕ 100 ವೋಲ್ಟ್ ತನಕದ ಕ್ಷಣಿಕ ಏರಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು. 30 ವೋಲ್ಟಿಗೆ ಮಿತಿ ಬರೆದ ಅಗ್ಗದ ದೀಪ ಅಂಥ ಒಂದೇ ಏರಿಕೆಗೆ ಸುಟ್ಟುಹೋಗಬಹುದು. ಎಂಜಿನ್ ಓಡುವಾಗ ಬ್ಯಾಟರಿ ಬಿಚ್ಚಬೇಡಿ ಎನ್ನುವುದೂ ಇದೇ ಕಾರಣಕ್ಕೆ.

ಇನ್ನು ಎಂಜಿನ್. ಎಂ35ಎ2 ಟ್ರಕ್ಕಿನಲ್ಲಿರುವ 7.8 ಲೀಟರಿನ ಆರು ಸಿಲಿಂಡರ್ ಮಲ್ಟಿಫ್ಯುಯೆಲ್ ಎಂಜಿನ್ ಡೀಸೆಲ್, ಸೀಮೆಎಣ್ಣೆ, ವಿಮಾನದ ಇಂಧನ, ತುರ್ತಿನಲ್ಲಿ ಪೆಟ್ರೋಲನ್ನೂ ಸುಡಬಲ್ಲದು. ಪಿಸ್ಟನ್ನಿನೊಳಗೇ ಗೋಳಾಕಾರದ ದಹನ ಕೋಣೆಯಿರುವ, ಜರ್ಮನಿಯ ಎಂಎಎನ್ ರೂಪಿಸಿದ ವಿಧಾನ ಅದಕ್ಕೆ ಆಧಾರ. ಈ ಗುಣವನ್ನೇ ನೆಪಮಾಡಿಕೊಂಡು ಟ್ಯಾಂಕಿಗೆ ಸುಟ್ಟ ಎಂಜಿನ್ ಆಯಿಲ್ ಸುರಿಯುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಅದರಲ್ಲಿರುವ ಲೋಹದ ಕಣ ಮತ್ತು ಬೂದಿ ಇಂಜೆಕ್ಷನ್ ಪಂಪಿನ ಕೂದಲೆಳೆಗಿಂತ ಸೂಕ್ಷ್ಮವಾದ ಅಂತರಗಳನ್ನು ಸವೆಸುತ್ತವೆ. ಇಂಧನದ ಸಾಂದ್ರತೆಗೆ ಹೊಂದುವ ಕಾಂಪೆನ್ಸೇಟರ್ ಸೋರುತ್ತಿದ್ದು, ಟ್ರಕ್ಕು ಡೀಸೆಲ್ಲಿನಲ್ಲೇ ಓಡುವುದಾದರೆ, ಅದನ್ನು ಬೈಪಾಸ್ ಮಾಡುವುದರಲ್ಲಿ ತಪ್ಪಿಲ್ಲ.

ಇಂದಿನ ಡೀಸೆಲ್ಲಿನಲ್ಲಿ ಗಂಧಕ 10–15 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 10–15 ಭಾಗ) ಮಾತ್ರ. ಅದನ್ನು ತೆಗೆಯುವ ಸಂಸ್ಕರಣೆಯಲ್ಲಿ ಆರೊಮ್ಯಾಟಿಕ್ ಅಂಶಗಳೂ ಕಡಿಮೆಯಾಗುತ್ತವೆ. ಹಳೆಯ ಡೀಸೆಲ್ಲಿನಲ್ಲಿ ಉಬ್ಬಿ ಕೂತಿದ್ದ ನೈಟ್ರೈಲ್ ರಬ್ಬರಿನ ಸೀಲುಗಳು ಆಗ ಕುಗ್ಗಿ ಸೋರತೊಡಗುತ್ತವೆ. ಪಂಪ್ ಬಿಚ್ಚಿದಾಗಲೆಲ್ಲ ವೈಟಾನ್ ಎಂಬ ಬೇರೆ ಬಗೆಯ ರಬ್ಬರಿನ ಸೀಲುಗಳನ್ನೇ ಹಾಕುವುದು ನನ್ನ ರೂಢಿ. ಒತ್ತಡದ ಕಡೆಯ ಸೋರಿಕೆ ಹನಿಯಾಗಿ ಕಣ್ಣಿಗೆ ಬೀಳುತ್ತದೆ. ಎಳೆಯುವ ಕಡೆಯದು ಒಂದು ಹನಿಯನ್ನೂ ತೋರದೆ ಗಾಳಿಯನ್ನು ಒಳಗೆ ಬಿಡುತ್ತದೆ. ಐದು ಟನ್ನಿನ ಎಂ939ರಲ್ಲಿರುವ ಕಮಿನ್ಸ್ ಎನ್‌ಎಚ್‌ಸಿ-250 ಎಂಜಿನ್ನಿನ ಪಂಪ್ ಟ್ಯಾಂಕಿನಿಂದ ತಾನೇ ಎಳೆದುಕೊಳ್ಳುವಂಥದ್ದು. ಅದರ ಲೈನಿನಲ್ಲಿ ಒಂದಡಿ ಪಾರದರ್ಶಕ ಹೋಸನ್ನು ತಾತ್ಕಾಲಿಕವಾಗಿ ಜೋಡಿಸಿ ಗುಳ್ಳೆ ಬರುತ್ತದೆಯೇ ನೋಡಿದರೆ ಅರ್ಧ ಸಂಶಯ ಅಲ್ಲೇ ತೀರುತ್ತದೆ. ಅದೇ ಎಂಜಿನ್ನಿನ ಲೈನರುಗಳ (ಪಿಸ್ಟನ್ ಓಡಾಡುವ ಕೊಳವೆಗಳ) ಹೊರಮೈ ನೇರವಾಗಿ ನೀರಿಗೆ ತಾಗಿರುವುದರಿಂದ ಕೂಲಂಟಿನಲ್ಲಿ ಸೂಕ್ತ ರಕ್ಷಕ ರಾಸಾಯನಿಕ ಇಲ್ಲದಿದ್ದರೆ ಗುಳ್ಳೆಗಳ ಹೊಡೆತಕ್ಕೆ ಲೋಹದಲ್ಲಿ ತೂತು ಬೀಳುತ್ತದೆ.

ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಇಳಿದಿದ್ದನ್ನು ಎಲ್ಲರೂ ಗಮನಿಸುತ್ತಾರೆ, ಏರಿದ್ದನ್ನು ಗಮನಿಸುವವರು ಕಡಿಮೆ. ಏರಿದ್ದರೆ ಡೀಸೆಲ್ ಒಳಗೆ ಸೋರುತ್ತಿರಬಹುದು. ಅದು ಬೇರಿಂಗುಗಳಿಗೂ ಅಪಾಯ, ಎಂಜಿನ್ ಹತೋಟಿ ತಪ್ಪಿ ತನ್ನದೇ ಆಯಿಲನ್ನು ಸುಡುತ್ತ ಓಡುವುದಕ್ಕೂ ದಾರಿ. ಆಗ ಕೀಲಿಯಿಂದ ಉಪಯೋಗವಿಲ್ಲ, ಗಾಳಿಯನ್ನೇ ತಡೆಯಬೇಕು. ಏರ್‌ಕ್ಲೀನರ್ ಬಿಚ್ಚಿ ಎಂಜಿನ್ ಓಡಿಸುವಾಗ ಗಾಳಿದಾರಿಯನ್ನು ಮುಚ್ಚುವಷ್ಟು ಅಗಲದ ಹಲಗೆಯೊಂದನ್ನು ನಾನು ಕೈಗೆಟಕುವಲ್ಲಿ ಇಟ್ಟುಕೊಂಡಿರುತ್ತೇನೆ.

ಇಷ್ಟಾದ ಮೇಲೂ ಎಂಜಿನ್ ಬದಲಿಸಲೇಬೇಕೆನಿಸಿದರೆ ಅಮೆರಿಕದ ಸೇನೆಯೇ ಮಾಡಿದ್ದನ್ನು ಗಮನಿಸಿ. 1990ರ ದಶಕದ ಎಂ35ಎ3 ರೂಪದಲ್ಲಿ ಕ್ಯಾಟರ್‌ಪಿಲ್ಲರ್ 3116 ಎಂಜಿನ್ನಿನ ಜೊತೆಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂಡ ಬಂತು. ಖಾಸಗಿಯವರು 5.9 ಲೀಟರಿನ ಕಮಿನ್ಸ್ 6ಬಿಟಿ ಆರಿಸುವುದು ಸರಿಯಾದ ಯೋಚನೆಯೇ, ಏಕೆಂದರೆ ಅದರ ಯಾಂತ್ರಿಕ ಪಂಪಿಗೆ ಕಂಪ್ಯೂಟರ್ ಬೇಕಿಲ್ಲ. ಆದರೆ ಬ್ರೇಕಿಗೆ ಗಾಳಿ ಒದಗಿಸುವ ಕಂಪ್ರೆಸರನ್ನು ಹೊಸ ಎಂಜಿನ್ ತಿರುಗಿಸಬೇಕು. ಎಂ35ಎ2 ಟ್ರಕ್ಕಿನ ಬ್ರೇಕ್ ಗಾಳಿಯ ನೆರವಿನಿಂದ ನಡೆಯುವ ಒಂದೇ ಹೈಡ್ರಾಲಿಕ್ (ದ್ರವದ ಒತ್ತಡದ) ಸರ್ಕ್ಯೂಟಿನದು, ಒಂದು ಪೈಪು ಒಡೆದರೆ ಎಲ್ಲ ಚಕ್ರಗಳ ಹಿಡಿತವೂ ಹೋಗುತ್ತದೆ. ಅದನ್ನು ಎರಡಾಗಿ ಬೇರ್ಪಡಿಸದೆ ಶಕ್ತಿಯನ್ನಷ್ಟೇ ಹೆಚ್ಚಿಸುವ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ.

ವರ್ಷಗಟ್ಟಲೆ ನಿಂತ ಎಂಜಿನ್ನನ್ನು ಮೊದಲ ಸಲ ಚಾಲೂ ಮಾಡುವಾಗ ಆತುರ ಬೇಡ. ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಅಡ್ಡಿಯಿಲ್ಲವೆಂದು ಖಚಿತಮಾಡಿಕೊಂಡು, ಫಿಲ್ಟರುಗಳನ್ನು ಹೊಸದಾಗಿ ಹಾಕಿ, ಡೀಸೆಲ್ ತಡೆಯುವ ಸ್ಟಾಪ್ ಕೇಬಲನ್ನು ಎಳೆದು ಹಿಡಿದು ಸೆಲ್ಫ್ ಹೊಡೆಯಬೇಕು. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಸೆಲ್ಫ್ ತಣಿಯಲು ಬಿಡಬೇಕು. ಆಯಿಲ್ ಒತ್ತಡದ ಮುಳ್ಳು ಮೇಲೇಳುವುದನ್ನು ಕಣ್ಣಾರೆ ಕಂಡ ನಂತರವೇ ನಾನು ಸ್ಟಾಪ್ ಕೇಬಲನ್ನು ಒಳಗೆ ತಳ್ಳುತ್ತೇನೆ.