ಏಳನೇ ಇನಿಂಗ್ಸ್‌ನಲ್ಲಿ ಎದ್ದು ನಿಂತ ಮೈದಾನ

1918ರ ಸೆಪ್ಟೆಂಬರ್ 5. ಶಿಕಾಗೋದ ಕಾಮಿಸ್ಕಿ ಪಾರ್ಕ್‌ನಲ್ಲಿ ಬೇಸ್‌ಬಾಲ್ ವಿಶ್ವ ಸರಣಿಯ ಮೊದಲ ಪಂದ್ಯ ನಡೆಯುತ್ತಿತ್ತು. ಬಾಸ್ಟನ್ ರೆಡ್ ಸಾಕ್ಸ್ ಪರವಾಗಿ ಬೇಬ್ ರೂತ್ ಅವರೇ ಚೆಂಡೆಸೆಯುತ್ತಿದ್ದರು, ಎದುರಿಗೆ ಊರಿನದೇ ತಂಡ ಶಿಕಾಗೋ ಕಬ್ಸ್. ಆದರೂ ಬಂದಿದ್ದ ಜನ 19,274 ಮಾತ್ರ, ಅವರಲ್ಲೂ ಉತ್ಸಾಹವಿರಲಿಲ್ಲ. ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದು ಹದಿನೇಳು ತಿಂಗಳಾಗಿತ್ತು. ಕೆಲಸ ಮಾಡಿ, ಇಲ್ಲವೇ ಸೇನೆ ಸೇರಿ ಎಂಬ ಸರ್ಕಾರದ ಆಜ್ಞೆಯಿಂದಾಗಿ ಆ ವರ್ಷದ ಲೀಗ್ ಪಂದ್ಯಗಳನ್ನೇ ಮೊಟಕುಗೊಳಿಸಲಾಗಿತ್ತು. ಹಿಂದಿನ ದಿನವಷ್ಟೇ ನಗರದ ಫೆಡರಲ್ ಕಟ್ಟಡದಲ್ಲಿ ಬಾಂಬ್ ಸಿಡಿದು ನಾಲ್ವರು ಸತ್ತಿದ್ದರು.

ಏಳನೇ ಇನಿಂಗ್ಸ್‌ನ ನಡುವೆ ಪ್ರೇಕ್ಷಕರು ಮೈಮುರಿಯಲು ಏಳುವುದು ಬೇಸ್‌ಬಾಲ್‌ನ ಹಳೆಯ ವಾಡಿಕೆ. ಅವರು ಎದ್ದಾಗ ಸೇನಾ ವಾದ್ಯವೃಂದ ಇಂದು ಅಮೆರಿಕದ ರಾಷ್ಟ್ರಗೀತೆಯಾಗಿರುವ ‘ಸ್ಟಾರ್ ಸ್ಪ್ಯಾಂಗಲ್ಡ್ ಬ್ಯಾನರ್’ ನುಡಿಸಿತು. ನೌಕಾಪಡೆಯಿಂದ ರಜೆ ಪಡೆದು ಆಡಲು ಬಂದಿದ್ದ ಬಾಸ್ಟನ್ ಆಟಗಾರ ಫ್ರೆಡ್ ಥಾಮಸ್ ಧ್ವಜದ ಕಡೆ ತಿರುಗಿ, ನೆಟ್ಟಗೆ ನಿಂತು ಸೆಲ್ಯೂಟ್ ಮಾಡಿದರು. ಉಳಿದ ಆಟಗಾರರೂ ತಿರುಗಿ ನಿಂತರು. ಗ್ಯಾಲರಿಯಲ್ಲಿ ಯಾರೋ ಕೆಲವರು ಹಾಡತೊಡಗಿದರು, ಅವರ ದನಿಗೆ ಅಕ್ಕಪಕ್ಕದವರ ದನಿ ಕೂಡಿತು, ಕೊನೆಯ ಸಾಲಿಗೆ ಬರುವಾಗ ಮೈದಾನವೇ ಹಾಡುತ್ತಿತ್ತು. ಹಾಡು ಮುಗಿದಾಗ ಆ ಮಧ್ಯಾಹ್ನದ ಅತಿ ದೊಡ್ಡ ಚಪ್ಪಾಳೆ ಬಿತ್ತು. ಮರುದಿನ ನ್ಯೂಯಾರ್ಕ್ ಟೈಮ್ಸ್ ತನ್ನ ವರದಿಯನ್ನು ಶುರು ಮಾಡಿದ್ದೇ ಈ ಹಾಡಿನಿಂದ. ಬೇಬ್ ರೂತ್ ಎದುರಾಳಿಗಳಿಗೆ ಒಂದು ರನ್ನನ್ನೂ ಕೊಡದೆ 1–0ರಿಂದ ಗೆಲ್ಲಿಸಿದ ಸುದ್ದಿ ಆಮೇಲೆ ಬಂತು.

ಹಾಗೆ ಎದ್ದು ನಿಲ್ಲಬೇಕೆಂದು ಅಂದು ಯಾರೂ ಘೋಷಿಸಿರಲಿಲ್ಲ. ಕಾನೂನಿನ ಲೆಕ್ಕದಲ್ಲಿ ಆ ಹಾಡು ಇನ್ನೂ ರಾಷ್ಟ್ರಗೀತೆಯೂ ಆಗಿರಲಿಲ್ಲ. ಅದನ್ನು ರಾಷ್ಟ್ರಗೀತೆಯಾಗಿಸುವ ಕಾನೂನಿಗೆ ಅಧ್ಯಕ್ಷ ಹೂವರ್ ಸಹಿ ಹಾಕಿದ್ದು 1931ರ ಮಾರ್ಚ್ 3ರಂದು. ಯುದ್ಧದಿಂದ ಬಳಲಿದ ಜನರ ಎದೆಯಿಂದ ತಾನಾಗಿ ಎದ್ದು ಬಂದ ಆ ಗಳಿಗೆಯ ಬಗ್ಗೆ ನನಗೆ ನಿಜವಾದ ಗೌರವವಿದೆ. ಪಂದ್ಯಕ್ಕೆ ಮೊದಲು ಹಾಡುವ ಪದ್ಧತಿಯ ಕಥೆ ಹೇಳುವಾಗ ಅದನ್ನೇ ಮೊದಲು ಹೇಳಬೇಕೆಂದು ನನಗೆ ಅನ್ನಿಸುತ್ತದೆ, ಯಾಕೆಂದರೆ ಮುಂದೆ ಆದದ್ದೆಲ್ಲ ಆ ಗಳಿಗೆಯನ್ನು ಮತ್ತೆ ಮತ್ತೆ ತರಿಸಲು ಹೂಡಿದ ಪ್ರಯತ್ನ.

ಮೊದಲ ಪ್ರಯತ್ನ ವಾರದೊಳಗೇ ನಡೆಯಿತು. ಸರಣಿ ಬಾಸ್ಟನ್ನಿಗೆ ಬಂದಾಗ ರೆಡ್ ಸಾಕ್ಸ್ ಮಾಲೀಕ ಹ್ಯಾರಿ ಫ್ರೇಜಿ ಹಾಡನ್ನು ಏಳನೇ ಇನಿಂಗ್ಸ್‌ನಿಂದ ಎತ್ತಿ ಪಂದ್ಯದ ಆರಂಭಕ್ಕೆ ತಂದರು, ಗಾಯಾಳು ಸೈನಿಕರಿಗೆ ಉಚಿತ ಟಿಕೆಟ್ ಕೊಟ್ಟು ಕೂರಿಸಿದರು. ನಾಟಕಗಳನ್ನು ನಿರ್ಮಿಸಿ ಅನುಭವವಿದ್ದ ಅವರಿಗೆ ಜನರ ನಾಡಿ ಗೊತ್ತಿತ್ತು. ಅದೇ ಬಾಸ್ಟನ್ನಿನಲ್ಲಿ ಐದನೇ ಪಂದ್ಯದ ದಿನ ಆಟಗಾರರು ತಮ್ಮ ಪಾಲಿನ ಹಣ ಕಡಿಮೆಯಾಯಿತೆಂದು ಆಡಲು ನಿರಾಕರಿಸಿದರು. ಪಂದ್ಯ ಸುಮಾರು ಒಂದು ಗಂಟೆ ತಡವಾಯಿತು. ಕೊನೆಗೆ ಅವರನ್ನು ಮೈದಾನಕ್ಕೆ ಇಳಿಸಿದ್ದು ಗ್ಯಾಲರಿಯಲ್ಲಿ ಕಾಯುತ್ತಿದ್ದ ಗಾಯಾಳು ಸೈನಿಕರ ಹೆಸರು.

ಆಮೇಲೆ ಎರಡು ದಶಕ ಈ ಹಾಡು ವಿಶೇಷ ದಿನಗಳಿಗಷ್ಟೇ ಮೀಸಲಾಗಿತ್ತು. ಪ್ರತಿ ಪಂದ್ಯಕ್ಕೂ ವಾದ್ಯದವರನ್ನು ಕರೆಸುವುದು ದುಬಾರಿ. ಧ್ವನಿವರ್ಧಕ ಬಂತು, ಎರಡನೇ ಮಹಾಯುದ್ಧವೂ ಬಂತು, ಹಾಡು ದಿನನಿತ್ಯದ್ದಾಯಿತು. 1945ರಲ್ಲಿ ಯುದ್ಧ ಮುಗಿದ ಮೇಲೂ ಅದನ್ನು ಬಿಡಬಾರದೆಂದು ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಕಮಿಷನರ್ ಎಲ್ಮರ್ ಲೇಡನ್ ತಂಡಗಳಿಗೆ ಹೇಳಿದರು. ಪಂದ್ಯಕ್ಕೆ ಮೊದಲ ಒದೆತ ಎಷ್ಟು ಸಹಜವೋ ಹಾಡೂ ಅಷ್ಟೇ ಸಹಜವಾಗಬೇಕು ಎಂಬುದು ಅವರ ಅಭಿಪ್ರಾಯ. 1954ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ತಂಡದ ವ್ಯವಸ್ಥಾಪಕ ಆರ್ಥರ್ ಎಹ್ಲರ್ಸ್ ಇದಕ್ಕೆ ವಿರುದ್ಧವಾದ ಮಾತನಾಡಿದರು: ಹಾಡುವಾಗ ಜನ ಹರಟುತ್ತಾರೆ, ನಗುತ್ತಾರೆ, ಓಡಾಡುತ್ತಾರೆ, ದಿನವೂ ನುಡಿಸಿ ಅದರ ಬೆಲೆ ಕಳೆಯುವ ಬದಲು ವಿಶೇಷ ದಿನಗಳಲ್ಲಿ ಮಾತ್ರ ನುಡಿಸೋಣ. ಗೌರವ ಹೆಚ್ಚಲೆಂದೇ ಅವರು ಹೇಳಿದ್ದು. ಆದರೆ 1814ರಲ್ಲಿ ಬ್ರಿಟಿಷ್ ಫಿರಂಗಿಗಳ ನಡುವೆಯೂ ಮೆಕ್‌ಹೆನ್ರಿ ಕೋಟೆಯ ಮೇಲೆ ಹಾರುತ್ತಿದ್ದ ಧ್ವಜವನ್ನು ನೋಡಿ ಫ್ರಾನ್ಸಿಸ್ ಸ್ಕಾಟ್ ಕೀ ಆ ಸಾಲುಗಳನ್ನು ಬರೆದದ್ದು ಇದೇ ಬಾಲ್ಟಿಮೋರ್‌ನಲ್ಲಿ. ಊರು ಸಿಡಿದೆದ್ದಿತು, ನಗರ ಮಂಡಳಿ ನಿರ್ಣಯ ಮಾಡಿತು, ಹಾಡು ಮರಳಿ ಬಂತು. ಒಮ್ಮೆ ರೂಢಿಗೆ ಬಂದ ಗೌರವವನ್ನು ಅದರ ಒಳಿತಿಗಾಗಿಯೂ ಕಡಿಮೆ ಮಾಡುವಂತಿಲ್ಲ ಎಂಬುದು ಅಂದೇ ಇತ್ಯರ್ಥವಾದಂತಾಯಿತು.

ಇನ್ನು ಕಾನೂನು. ಹಾಡುವಾಗ ಹೇಗೆ ನಿಲ್ಲಬೇಕೆಂದು ಅಮೆರಿಕದ ಸಂಹಿತೆ ಹೇಳುತ್ತದೆ, ಆದರೆ ಅದು ‘ನಿಲ್ಲುವುದು ಉಚಿತ’ ಎಂಬ ಧಾಟಿಯ ಮಾತು. ನಿಲ್ಲದ ಪ್ರೇಕ್ಷಕನಿಗೆ ಶಿಕ್ಷೆಯಿಲ್ಲ. ಇದರ ಹಿಂದೆ ಕಹಿಯಾದ ಪಾಠವೊಂದಿದೆ. ದೇವರಿಗಲ್ಲದೆ ಬೇರಾವುದಕ್ಕೂ ವಂದಿಸದ ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥದ ಮಕ್ಕಳು ಶಾಲೆಯಲ್ಲಿ ಧ್ವಜವಂದನೆ ಮಾಡಲೇಬೇಕೆಂದು 1940ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎಂಟಕ್ಕೆ ಒಂದು ಮತದಿಂದ ತೀರ್ಪಿತ್ತಿತು. ಬೆನ್ನಲ್ಲೇ ಊರೂರುಗಳಲ್ಲಿ ಗುಂಪುಗಳು ಆ ಪಂಥದವರ ಮೇಲೆ ಬಿದ್ದವು. ಮೂರೇ ವರ್ಷದಲ್ಲಿ, 1943ರ ಜೂನ್ 14ರಂದು, ಅದೇ ನ್ಯಾಯಾಲಯ ತನ್ನ ಮಾತನ್ನು ಹಿಂತೆಗೆದುಕೊಂಡಿತು. ದೇಶಪ್ರೇಮದ ವಿಷಯದಲ್ಲಿ ಯಾವುದು ಸರಿ ಎಂದು ವಿಧಿಸಿ ಪ್ರಜೆಗಳ ಬಾಯಿಂದ ಅದನ್ನು ಹೇಳಿಸುವ ಹಕ್ಕು ಯಾವ ಅಧಿಕಾರಿಗೂ ಇಲ್ಲ ಎಂಬ ಸಾರದ ಮಾತನ್ನು ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಬರೆದರು. ಯುದ್ಧ ಉರಿಯುತ್ತಿದ್ದ ವರ್ಷ ಅದು. ಆಗಲೂ ಒಂದು ನ್ಯಾಯಾಲಯ ಹಾಗೆ ಬರೆಯಿತೆಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಆ ತೀರ್ಪಿನ ದನಿ ನಲವತ್ತಮೂರು ವರ್ಷಗಳ ಬಳಿಕ ನಮ್ಮಲ್ಲೂ ಕೇಳಿಸಿತು. ಕೇರಳದ ಶಾಲೆಯೊಂದರಲ್ಲಿ ಅದೇ ಪಂಥದ ಮೂವರು ಮಕ್ಕಳು ‘ಜನ ಗಣ ಮನ’ಕ್ಕೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆ ಅವರನ್ನು ಹೊರಹಾಕಿತು. 1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಮಕ್ಕಳ ಪರವಾಗಿ ತೀರ್ಪು ನೀಡಿದರು. ಮುಂದೆ ಕರ್ನಾಟಕದ ಮೂರನೇ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ ನಮಗೆ ಪರಿಚಿತರಾದವರು ಅವರೇ. ಅಮೆರಿಕದ 1943ರ ತೀರ್ಪನ್ನೂ ಅವರು ಪ್ರಸ್ತಾಪಿಸಿದ್ದರು. ನಮ್ಮ 1971ರ ಕಾಯ್ದೆಯೂ ಬೇಕೆಂದೇ ರಾಷ್ಟ್ರಗೀತೆಯನ್ನು ತಡೆಯುವವರಿಗೆ, ಹಾಡುವ ಸಭೆಗೆ ಅಡ್ಡಿ ಮಾಡುವವರಿಗೆ ಮೂರು ವರ್ಷದವರೆಗಿನ ಸೆರೆವಾಸ ಹೇಳುತ್ತದೆಯೇ ಹೊರತು, ಸುಮ್ಮನೆ ಕುಳಿತವರ ಬಗ್ಗೆ ಮಾತೇ ಎತ್ತುವುದಿಲ್ಲ. ಎದ್ದು ನಿಲ್ಲಬೇಕು ಎನ್ನುವುದು ಗೃಹ ಸಚಿವಾಲಯದ ಸೂಚನೆ. ಆದರೆ ಗುಂಪಿಗೆ ಈ ಸೂಕ್ಷ್ಮ ಯಾಕೆ ಬೇಕು? ಚಿತ್ರಮಂದಿರಗಳಲ್ಲಿ ರಾಷ್ಟ್ರಗೀತೆ ಕಡ್ಡಾಯವೆಂದು 2016ರ ನವೆಂಬರ್‌ನಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಆ ಕಡ್ಡಾಯವನ್ನು ಸಡಿಲಿಸಿತು. ಅದಾಗಿ ಒಂದೂಮುಕ್ಕಾಲು ವರ್ಷದ ಮೇಲೆ ಬೆಂಗಳೂರಿನ ಚಿತ್ರಮಂದಿರವೊಂದರಲ್ಲಿ, ಏಳದೆ ಕುಳಿತವರನ್ನು ಸುತ್ತಲಿನವರು ಗದರಿಸುವ ದೃಶ್ಯ ಮೊಬೈಲ್‌ನಿಂದ ಮೊಬೈಲ್‌ಗೆ ಹರಿಯಿತು. ನಾನು ರಾಷ್ಟ್ರಗೀತೆಗೆ ಯಾವಾಗಲೂ ಎದ್ದು ನಿಲ್ಲುತ್ತೇನೆ, ಸಂತೋಷದಿಂದಲೇ ನಿಲ್ಲುತ್ತೇನೆ. ಆ ದೃಶ್ಯ ನೋಡಿದಾಗ ಮಾತ್ರ ನನಗೆ ನಾಚಿಕೆಯಾಯಿತು.

ನಮ್ಮ ಕ್ರೀಡೆಯ ಚರಿತ್ರೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಘಟನೆಯೊಂದಿದೆ. 1936ರ ಆಗಸ್ಟ್ 15, ಬರ್ಲಿನ್ ಒಲಿಂಪಿಕ್ಸ್‌ನ ಹಾಕಿ ಫೈನಲ್. ಧ್ಯಾನ್‌ಚಂದ್ ಅವರ ತಂಡ ಆಡುತ್ತಿದ್ದುದು ಬ್ರಿಟಿಷ್ ಇಂಡಿಯಾದ ಧ್ವಜದಡಿಯಲ್ಲಿ. ಮೈದಾನಕ್ಕೆ ಇಳಿಯುವ ಮೊದಲು ಡ್ರೆಸಿಂಗ್ ರೂಮ್‌ನಲ್ಲಿ ತಂಡದ ಸಹಾಯಕ ವ್ಯವಸ್ಥಾಪಕ ಪಂಕಜ್ ಗುಪ್ತ ಕಾಂಗ್ರೆಸ್‌ನ ತ್ರಿವರ್ಣ ಧ್ವಜವನ್ನು ಹೊರತೆಗೆದರು. ಆಟಗಾರರು ಅದಕ್ಕೆ ವಂದಿಸಿ ಹೊರಟು ಜರ್ಮನಿಯನ್ನು 8–1ರಿಂದ ಸೋಲಿಸಿದರು. ಆ ವಂದನೆಗೆ ಪ್ರೇಕ್ಷಕರಿರಲಿಲ್ಲ.

ಅಮೆರಿಕದ ಮೈದಾನಗಳಲ್ಲಿ ಮೊದಲು ನಿಯಮ ಬಿಗಿದದ್ದು ಲೀಗ್‌ಗಳು. 1968ರ ಅಕ್ಟೋಬರ್ 16ರಂದು ಮೆಕ್ಸಿಕೋದ ಒಲಿಂಪಿಕ್ ವೇದಿಕೆಯಲ್ಲಿ ರಾಷ್ಟ್ರಗೀತೆ ಮೊಳಗುವಾಗ ಅಮೆರಿಕದ ಕಪ್ಪು ಓಟಗಾರರಾದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಕಪ್ಪು ಕೈಗವಸಿನ ಮುಷ್ಟಿ ಎತ್ತಿ, ಕ್ರೀಡಾಗ್ರಾಮದಿಂದ ಹೊರದಬ್ಬಿಸಿಕೊಂಡ ಕಥೆ ಎಲ್ಲರಿಗೂ ಗೊತ್ತು. 1996ರ ಮಾರ್ಚ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ತಂಡ ಡೆನ್ವರ್ ನಗೆಟ್ಸ್‌ನ ಮಹಮೂದ್ ಅಬ್ದುಲ್ ರವೂಫ್ ಅವರಿಗೆ ಆದದ್ದು ಅಷ್ಟು ಪ್ರಚಾರ ಪಡೆಯಲಿಲ್ಲ. ಆ ಧ್ವಜ ತಮ್ಮ ಪಾಲಿಗೆ ದಬ್ಬಾಳಿಕೆಯ ಗುರುತು ಎಂದು ಅವರು ಹಾಡಿಗೆ ನಿಲ್ಲುತ್ತಿರಲಿಲ್ಲ. ಆಟಗಾರರು ಸಾಲಾಗಿ ನಿಲ್ಲಲೇಬೇಕೆಂಬ ನಿಯಮ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿತ್ತು. ಅಮಾನತಾಯಿತು, ಒಂದು ಪಂದ್ಯಕ್ಕೆ 31,707 ಡಾಲರ್ ಹೋಯಿತು. ತಲೆ ಬಾಗಿಸಿ ಪ್ರಾರ್ಥಿಸುತ್ತಾ ನಿಲ್ಲುತ್ತೇನೆ ಎಂಬ ರಾಜಿಯ ಮೇಲೆ ಅವರು ಮರಳಿದರು. ಆ ಬೇಸಿಗೆಯಲ್ಲೇ ತಂಡ ಅವರನ್ನು ಬಿಟ್ಟುಕೊಟ್ಟಿತು.

ಈ ಗೌರವಕ್ಕೆ ರಶೀದಿಯೂ ಇತ್ತು. 2015ರ ನವೆಂಬರ್‌ನಲ್ಲಿ ಸೆನೆಟರ್‌ಗಳಾದ ಜಾನ್ ಮೆಕೇನ್ ಮತ್ತು ಜೆಫ್ ಫ್ಲೇಕ್ ಹೊರತಂದ ವರದಿಯ ಪ್ರಕಾರ, ಮೈದಾನದಗಲದ ಧ್ವಜ ಬಿಡಿಸುವುದು, ಸೈನಿಕರನ್ನು ಸನ್ಮಾನಿಸುವುದು ಮುಂತಾದವಕ್ಕೆಂದು ರಕ್ಷಣಾ ಇಲಾಖೆ ವೃತ್ತಿಪರ ತಂಡಗಳಿಗೆ 68 ಲಕ್ಷ ಡಾಲರ್ ಕೊಟ್ಟಿತ್ತು. ಮೆಕೇನ್ ವಿಯೆಟ್ನಾಂನಲ್ಲಿ ಐದೂವರೆ ವರ್ಷ ಸೆರೆಯಲ್ಲಿದ್ದು ಬಂದವರು. ಅವರ ಸಿಟ್ಟಿಗೆ ಅರ್ಥವಿತ್ತು. ಗ್ಯಾಲರಿಯಲ್ಲಿ ಕಣ್ಣೊರೆಸಿಕೊಂಡ ಜನರಿಗೆ ಅದು ಹಣ ಕೊಟ್ಟು ಮಾಡಿಸಿದ ಜಾಹೀರಾತೆಂದು ತಿಳಿದಿರಲಿಲ್ಲ. ಮರುವರ್ಷ ಎನ್‌ಎಫ್‌ಎಲ್ 7 ಲಕ್ಷ ಡಾಲರ್‌ಗೂ ಹೆಚ್ಚು ಹಣವನ್ನು ಹಿಂದಿರುಗಿಸಿತು.

ಅದೇ 2016ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಎನ್‌ಎಫ್‌ಎಲ್ ಆಟಗಾರ ಕಾಲಿನ್ ಕೆಪರ್ನಿಕ್ ಹಾಡಿನ ವೇಳೆ ಬೆಂಚಿನ ಮೇಲೆ ಕುಳಿತೇ ಇದ್ದರು. ಕಪ್ಪು ಜನರನ್ನು ತುಳಿಯುವ ದೇಶದ ಧ್ವಜಕ್ಕೆ ಹೆಮ್ಮೆಯಿಂದ ನಿಲ್ಲಲಾರೆ ಎಂಬುದು ಅವರ ನಿಲುವು. ಮುಂದಿನದು ಬೇಗ ಬೇಗ ನಡೆಯಿತು: 2017ರ ಮೊದಲ ದಿನ ಅವರ ಕೊನೆಯ ಪಂದ್ಯ, ಆ ಸೆಪ್ಟೆಂಬರ್‌ನಲ್ಲಿ ಮಂಡಿಯೂರುವವರನ್ನು ಕೆಲಸದಿಂದ ಕಿತ್ತುಹಾಕಿ ಎಂಬ ಅಧ್ಯಕ್ಷ ಟ್ರಂಪ್ ಅವರ ಮಾತು, 2018ರ ಮೇನಲ್ಲಿ ಮೈದಾನದಲ್ಲಿರುವವರು ಹಾಡಿಗೆ ನಿಲ್ಲಲೇಬೇಕೆಂಬ ಎನ್‌ಎಫ್‌ಎಲ್‌ನ ಹೊಸ ನಿಯಮ, ಜುಲೈನಲ್ಲಿ ಅದಕ್ಕೆ ತಡೆ. ಪೊಲೀಸರ ಕೈಯಲ್ಲಿ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಅವರ ಹತ್ಯೆಯಾದ ನಂತರ, 2020ರ ಜೂನ್‌ನಲ್ಲಿ, ಆಟಗಾರರ ಮಾತನ್ನು ಮೊದಲೇ ಕೇಳದೆ ತಪ್ಪು ಮಾಡಿದೆವು ಎಂದು ಕಮಿಷನರ್ ರೋಜರ್ ಗುಡೆಲ್ ಒಪ್ಪಿಕೊಂಡರು. ಕೆಪರ್ನಿಕ್ ಹೆಸರನ್ನು ಅವರು ಎತ್ತಲಿಲ್ಲ.

ಇಷ್ಟೆಲ್ಲ ಗದ್ದಲದಲ್ಲಿ ಮರೆಯಾದದ್ದು ಕುಳಿತಿದ್ದವರು ಮಂಡಿಯೂರಿದ್ದು ಯಾಕೆ ಎಂಬ ಸಂಗತಿ. ವಿಶೇಷ ಪಡೆಯ ಮಾಜಿ ಸೈನಿಕ, ಕೆಲಕಾಲ ಫುಟ್‌ಬಾಲ್ ಆಟಗಾರರೂ ಆಗಿದ್ದ ನೇಟ್ ಬೋಯರ್ ಅವರಿಗೆ ಕೆಪರ್ನಿಕ್ ಕುಳಿತದ್ದು ನೋವು ತಂದಿತ್ತು. ಅವರು ಬಯ್ಯಲಿಲ್ಲ, ಬಹಿರಂಗ ಪತ್ರ ಬರೆದರು. ಕೆಪರ್ನಿಕ್ ಅವರೇ ಬೋಯರ್ ಅವರನ್ನು ಕರೆಸಿಕೊಂಡು ಮಾತನಾಡಿದರು. ಮಡಿದ ಸಂಗಾತಿಯ ಸಮಾಧಿಯ ಮುಂದೆ ಸೈನಿಕರು ಮಂಡಿಯೂರುತ್ತಾರೆ, ನೀನೂ ಹಾಗೆ ಮಾಡಬಹುದು ಎಂದರು ಬೋಯರ್. ಸೆಪ್ಟೆಂಬರ್ 1ರ ರಾತ್ರಿ ಸ್ಯಾನ್ ಡಿಯಾಗೋದಲ್ಲಿ ಪಂದ್ಯವಿತ್ತು, ಅದು ಸೈನಿಕರ ಗೌರವಾರ್ಥ ಮೀಸಲಿಟ್ಟ ರಾತ್ರಿ. ಹಾಡು ಶುರುವಾದಾಗ ಕೆಪರ್ನಿಕ್ ಒಂದು ಮಂಡಿಯ ಮೇಲೆ ಕುಳಿತರು. ಅವರ ಪಕ್ಕದಲ್ಲೇ ಬೋಯರ್ ಎದೆಯ ಮೇಲೆ ಕೈಯಿಟ್ಟು, ಧ್ವಜ ನೋಡುತ್ತಾ ನೆಟ್ಟಗೆ ನಿಂತಿದ್ದರು.