ಆಪರೇಷನ್‌ಗೆ ಮುಂಚಿನ ವರ್ಷಗಳು: ಗರ್ಭನಿರೋಧಕ ಯಾರು ಬಳಸುತ್ತಾರೆ, ಯಾರು ಬಳಸುವುದಿಲ್ಲ?

ಈ ಪ್ರಶ್ನೆ ಬಂದರೆ "ಓದು ಕಡಿಮೆ, ಅದಕ್ಕೇ ಬಳಸುವುದಿಲ್ಲ" ಎಂದು ಬರೆದು ಮುಗಿಸುವವರೇ ಜಾಸ್ತಿ. ನಾನೂ ಹಾಗೇ ಬರೆದಿದ್ದೆ. ಕರ್ನಾಟಕದ ಅಂಕಿ ನೋಡಿದ ಮೇಲೆ ಆ ಉತ್ತರ ಹೊಡೆದುಹಾಕಿದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5 (2019-21) ಪ್ರಕಾರ ಇಲ್ಲಿನ 15ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ. 68.7 ಮಂದಿ ಯಾವುದಾದರೂ ವಿಧಾನ ಬಳಸುತ್ತಿದ್ದರು. ಇದರಲ್ಲಿ ಮಹಿಳೆಯರ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಶೇ. 57.4. ಊರಲ್ಲಿ ಇದನ್ನು ಸುಮ್ನೆ 'ಆಪರೇಷನ್' ಅಂತಾರೆ. ಮಾತ್ರೆ, ಕಾಪರ್-ಟಿ, ನಿರೋಧ್ ಎಲ್ಲದರ ಪಾಲು ಉಳಿದ ಚೂರು.

ಈಗ ಯೋಚಿಸಿ. 22ರ ತಾಯಿ, ಒಂದು ಮಗು: 'ಬಳಸದವಳು'. 26ಕ್ಕೆ ಎರಡನೇ ಹೆರಿಗೆಯಾಗಿ ಆಪರೇಷನ್ ಆಯಿತು: 'ಬಳಸುವವಳು'. ಇಬ್ಬರೂ ಒಬ್ಬಳೇ! ಇನ್ನು ಓದಿನ ವಿಷಯ: ದೇಶದಲ್ಲಿ ಆಪರೇಷನ್ ಆದವರ ಪ್ರಮಾಣ ಶಾಲೆಗೆ ಹೋಗದವರಲ್ಲೇ ಹೆಚ್ಚು.

ಹಾಗಾದರೆ ಮದುವೆಗೂ ಆಪರೇಷನ್‌ಗೂ ನಡುವಿನ ವರ್ಷಗಳಲ್ಲಿ ಏನಾಗುತ್ತದೆ? ಮದುವೆಯಾಗಿ ಮೂರು ತಿಂಗಳಿಗೇ "ಏನಮ್ಮಾ, ವಿಶೇಷ ಏನಾದ್ರೂ ಇದೆಯಾ?" ಎನ್ನುವ ಮನೆಯಲ್ಲಿ ಮಾತ್ರೆ ಎಲ್ಲಿಡುವುದು? ಬಾಣಂತನದ ನಂತರದ ಮಾತು ಬೇರೆ: "ಇನ್ನೂ ಮುಟ್ಟೇ ಆಗಿಲ್ವಲ್ಲ". ಇದು ಪೂರ್ತಿ ತಪ್ಪಲ್ಲ. ಎದೆಹಾಲು ಕುಡಿಸುವಾಗ ಬಸಿರಾಗುವ ಸಾಧ್ಯತೆ ಕಡಿಮೆ, ಆದರೆ ಮೂರು ಷರತ್ತುಗಳಿವೆ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಮರಳಿರಬಾರದು. ಮೂರರಲ್ಲಿ ಒಂದು ತಪ್ಪಿದರೂ ನಂಬುವಂತಿಲ್ಲ. ಮುಟ್ಟು ಮರಳುವ ಮೊದಲೇ ಬಸಿರಾಗಬಹುದು.

ಕಾಪರ್-ಟಿ ಬಗ್ಗೆ ಇರುವ ಭಯವನ್ನು 'ಮೂಢನಂಬಿಕೆ' ಎಂದು ಬರೆಯಬೇಡಿ. ಕಾಪರ್-ಟಿ ಎದೆಗೆ ಏರುತ್ತದೆ ಎಂಬುದು ಸುಳ್ಳು. ಆದರೆ ಮೊದಲ ತಿಂಗಳುಗಳಲ್ಲಿ ಸ್ರಾವ, ಹೊಟ್ಟೆನೋವು ಜಾಸ್ತಿಯಾಗುವುದು ನಿಜ. ಅದನ್ನು ಮೊದಲೇ ಯಾರೂ ಹೇಳದಿದ್ದರೆ ಅವಳು ತೆಗೆಸಿಹಾಕುತ್ತಾಳೆ, ಅಕ್ಕಪಕ್ಕದವರಿಗೂ ಬೇಡ ಅನ್ನುತ್ತಾಳೆ. ಗಂಡುಮಗು ಆಗುವವರೆಗೆ ಕಾಯುವುದೂ ಇದೆ.

ಗಂಡಸರು? ಗರ್ಭನಿರೋಧ ಹೆಂಗಸರ ಕೆಲಸ ಎಂದು ಅದೇ ಸಮೀಕ್ಷೆಯಲ್ಲಿ ದೇಶದ ಶೇ. 35 ಗಂಡಸರು ಒಪ್ಪಿದ್ದರು. ಪುರುಷರ ಆಪರೇಷನ್ ಸರಳ, ಆದರೂ ದೇಶದಲ್ಲಿ ಅದನ್ನು ನೆಚ್ಚಿದ ದಂಪತಿಗಳು ಬರೀ ಶೇ. 0.3. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ನಡೆದ ಬಲವಂತದ ಆಪರೇಷನ್‌ಗಳ ನೆನಪೂ ಇದರ ಹಿಂದಿದೆ. ಅಂದಹಾಗೆ, ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್‌ಗಳಿಗೆ ಒಪ್ಪಿಗೆ ಕೊಟ್ಟಿತ್ತು. ಸೌಲಭ್ಯ ನಮಗೆ ಹೊಸದಲ್ಲ.

'ಈಡೇರದ ಬೇಡಿಕೆ' ಎಂಬ ಪದ ಬಂದರೆ ಎಚ್ಚರ. ಮಗು ಬೇಕೆಂದು ಬಳಸದವರು ಇದರಲ್ಲಿ ಬರುವುದಿಲ್ಲ. ಸದ್ಯಕ್ಕೆ ಬೇಡ ಅಥವಾ ಇನ್ನು ಬೇಡವೇ ಬೇಡ ಎಂದರೂ ಏನೂ ಬಳಸದವರು ಮಾತ್ರ. ಅದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಇದು ಶೇ. 9.4 ಇತ್ತು.

2017ರಿಂದ ಸರ್ಕಾರಿ ಆಸ್ಪತ್ರೆಗಳಿಗೆ 'ಅಂತರ' ಎಂಬ ಗರ್ಭನಿರೋಧಕ ಚುಚ್ಚುಮದ್ದು ಬಂದಿದೆ. ಬೀರುವಿನಲ್ಲಿ ಬಚ್ಚಿಡುವ ಮಾತ್ರೆ ಇಲ್ಲ. ಆದರೆ ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೊರಡುವಾಗ ಮನೆಯಲ್ಲಿ ಏನಾದರೊಂದು ಕಾರಣ ಹೇಳಬೇಕು, ಅಲ್ವಾ?