‘ಉಳಿಸು, ಬೆಳೆಸು, ಬಳಸು’: ಮೂರನೆಯ ಮಾತು ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮೂರ ಶಾಲೆಯ ಗೋಡೆಯ ಮೇಲೆ ‘ಕಾಡು ಉಳಿಸಿ, ಬೆಳೆಸಿ’ ಎಂದು ಬರೆದಿದ್ದಾರೆ. ನಮ್ಮ ಅಜ್ಜ ಅದು ‘ಉಳಿಸು, ಬೆಳೆಸು, ಬಳಸು’ ಎಂದು ವಾದಿಸುತ್ತಾರೆ. ಕಾಡನ್ನು ಬಳಸು ಎಂದು ಯಾರಾದರೂ ಘೋಷಣೆ ಕೂಗುತ್ತಾರೆಯೇ? ಯಾವುದು ಸರಿ?
– ಶಿರಸಿ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಅಜ್ಜನ ನೆನಪು ಸರಿಯಾಗಿದೆ. ಅದು ಅಪ್ಪಿಕೋ ಚಳವಳಿಯ ಘೋಷಣೆ, ಹುಟ್ಟಿದ್ದು ನಿಮ್ಮ ತಾಲ್ಲೂಕಿನಲ್ಲೇ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಾಡಿಗೆ ನಡೆದು ಹೋಗಿ, ಕೊಡಲಿ ಹಿಡಿದವರ ಎದುರಿಗೆ ಮರಗಳನ್ನು ತಬ್ಬಿ ನಿಂತರು. ಹತ್ತು ವರ್ಷ ಮೊದಲು ಹಿಮಾಲಯದ ಗಢವಾಲದಲ್ಲಿ ಹೀಗೆಯೇ ಮರ ತಬ್ಬುವ ಚಿಪ್ಕೋ ಚಳವಳಿ ನಡೆದಿತ್ತು. ಹಿಂದಿಯ ‘ಚಿಪ್ಕೋ’ ಎಂದರೆ ಅಂಟಿಕೋ. ನಮ್ಮವರು ಅಂಟಿಕೋ ಎನ್ನಲಿಲ್ಲ, ಅಪ್ಪಿಕೋ ಎಂದರು. ಆ ಒಂದು ಪದದ ಆಯ್ಕೆಯಲ್ಲೇ ಎಷ್ಟೊಂದು ಅಕ್ಕರೆಯಿದೆ!

ಹಾಗಾದರೆ ‘ಬಳಸು’ ಏಕೆ ಬಂತು? ಮರ ತಬ್ಬಿದವರು ಕಾಡನ್ನು ದೂರದಿಂದ ನೋಡಿ ಮೆಚ್ಚಿದವರಲ್ಲ. ಅವರ ಅಡಿಕೆ ತೋಟಕ್ಕೆ ಬೆಟ್ಟದ ಸೊಪ್ಪು ಬೇಕು, ಕೊಟ್ಟಿಗೆಗೆ ದರಕು, ಅಂದರೆ ಒಣ ಎಲೆ, ಬೇಕು, ಒಲೆಗೆ ಸೌದೆ ಬೇಕು. ಜೇನು, ಉಪ್ಪಾಗೆ, ಮುರುಗಲು ಎಂಬ ಹುಳಿ ಹಣ್ಣುಗಳು, ಉಪ್ಪಿನಕಾಯಿಯ ಮಾವಿನ ಮಿಡಿಯಾದ ಅಪ್ಪೆಮಿಡಿ ಎಲ್ಲವೂ ಅಲ್ಲಿಂದಲೇ ಬರಬೇಕು. ತೋಟದ ಲೆಕ್ಕಕ್ಕೆ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು ಕೊಯ್ಯುವ ಕಾಡು, ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದಲೂ ಈ ಜಿಲ್ಲೆಯಲ್ಲಿದೆ. ಅವರ ವಿರೋಧವಿದ್ದದ್ದು ನಾನಾ ಜಾತಿಯ ಮರಗಳಿದ್ದ ಕಾಡನ್ನು ಬೋಳಿಸಿ ಸಾಗುವಾನಿಯೊಂದನ್ನೇ ನೆಡುವುದಕ್ಕೆ, ಕಾರ್ಖಾನೆಗಳಿಗಾಗಿ ಮರ ಉರುಳಿಸುವುದಕ್ಕೆ. ಕಾಡಿನಿಂದ ಏನನ್ನೂ ಮುಟ್ಟಬಾರದೆಂದು ಅವರು ಕೂಗಿದ್ದರೆ ತಮ್ಮ ಅನ್ನದ ವಿರುದ್ಧವೇ ಕೂಗಿದಂತಾಗುತ್ತಿತ್ತು. ಸೊಪ್ಪು ಕೊಯ್ದರೂ ಮರ ಬದುಕುತ್ತದೆ. ಅಪ್ಪೆಮಿಡಿ ಇಳಿಸಿದರೂ ಬದುಕುತ್ತದೆ. ಮಿಡಿಯ ಆಸೆಗೆ ಕೊಂಬೆಯನ್ನೇ ಕಡಿದರೆ ಮುಂದಿನ ವರ್ಷ ಭರಣಿ ಖಾಲಿ. ‘ಬಳಸು’ ಎಂಬ ಮಾತು ಈ ಹದವನ್ನು ಹೇಳುತ್ತದೆ.

ಪದವನ್ನೂ ಸ್ವಲ್ಪ ನೋಡೋಣ, ಏಕೆಂದರೆ ನನಗೆ ಇಲ್ಲಿ ಕನ್ನಡದ ಮೇಲೆ ಪ್ರೀತಿ ಉಕ್ಕುತ್ತದೆ. ಉಳಿಸು ಎಂದರೆ ಉಳಿಯುವಂತೆ ಮಾಡು, ಬೆಳೆಸು ಎಂದರೆ ಬೆಳೆಯುವಂತೆ ಮಾಡು. ಬಳಸು ಕಿವಿಗೆ ಅವುಗಳ ತಂಗಿಯಂತೆ ಕೇಳಿದರೂ ಬೇರೆಯೇ ಜಾತಿಯದು. ಉಪಯೋಗಿಸು ಎಂಬುದು ಅದರ ಒಂದು ಅರ್ಥ ಮಾತ್ರ. ‘ಬಳಸು ದಾರಿ’ ಎನ್ನುವಾಗ ಸುತ್ತುವುದು, ‘ತೋಳಿನಿಂದ ಬಳಸಿದಳು’ ಎನ್ನುವಾಗ ಅಪ್ಪಿಕೊಳ್ಳುವುದು. ‘ಬಳಕೆಯ ಜನ’ ಎಂದರೆ ಒಡನಾಟವಿರುವವರು. ಕಾಡಿನ ಬಗ್ಗೆ ಆಡುವಾಗ ಈ ಎಲ್ಲ ಅರ್ಥಗಳೂ ಒಟ್ಟಿಗೆ ಸಲ್ಲುತ್ತವೆ. ಆ ಮಾತನ್ನೇ ಗೋಡೆಯಿಂದ ಬಿಟ್ಟದ್ದು ನನಗೆ ನಿಜಕ್ಕೂ ನೋವು ತಂದಿದೆ.

ಇದೇ ಮೂರು ಮಾತು ನವೆಂಬರಿನಲ್ಲಿ ಕಾರವಾರದಿಂದ ಭಟ್ಕಳದವರೆಗೆ ಬ್ಯಾನರುಗಳ ಮೇಲೂ ಬರುತ್ತದೆ: ‘ಕನ್ನಡ ಬಳಸಿ, ಉಳಿಸಿ, ಬೆಳೆಸಿ’. ಕ್ರಮ ತಿರುಗಿದ್ದನ್ನು ಗಮನಿಸಿದಿರಾ? ಕಾಡು ಬಳಸಿದಷ್ಟೂ ಸವೆಯುತ್ತದೆ, ಆದ್ದರಿಂದ ಅಲ್ಲಿ ಉಳಿಸುವುದು ಮೊದಲು. ಭಾಷೆ ಬಳಸದಿದ್ದರೆ ಸವೆಯುತ್ತದೆ, ಆದ್ದರಿಂದ ಇಲ್ಲಿ ಬಳಸುವುದು ಮೊದಲು. ಉಳಿಸುವುದೇ ಮೊದಲಾಗಿರುವ ಬ್ಯಾನರುಗಳೂ ಇವೆ. ನನ್ನ ಮಟ್ಟಿಗೆ ಅವು ಭಾಷೆಯ ಸ್ವಭಾವಕ್ಕೆ ಒಗ್ಗುವುದಿಲ್ಲ.

ಘೋಷಣೆಗೂ ಧ್ಯೇಯವಾಕ್ಯಕ್ಕೂ ಇರುವ ಅಂತರವನ್ನೂ ಇಲ್ಲಿ ಹೇಳಿಬಿಡುತ್ತೇನೆ. ಕಾರವಾರದಲ್ಲಿ ನೆಲೆಯಿರುವ ನೌಕಾಪಡೆಯ ‘ಶಂ ನೋ ವರುಣಃ’ ಧ್ಯೇಯವಾಕ್ಯ, ವರುಣನು ನಮಗೆ ಮಂಗಳಕರನಾಗಿರಲಿ ಎಂಬ ಪ್ರಾರ್ಥನೆ. ಅದು ಲಾಂಛನದಲ್ಲಿ ನಿಲ್ಲುತ್ತದೆ. ಘೋಷಣೆಗೆ ಎದುರಿಗೊಬ್ಬರು ಬೇಕು. ‘ಉಳುವವನೇ ಭೂಮಿಯ ಒಡೆಯ’ ಎಂಬುದಕ್ಕೆ ಎದುರಿಗೆ ಜಮೀನ್ದಾರರಿದ್ದರು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಬಳಿಕ ಗೇಣಿದಾರರಿಗೆ ಜಮೀನು ಸಿಗತೊಡಗಿತು, ಕೂಗುವ ಅಗತ್ಯವೂ ತಗ್ಗಿತು. ‘ಬಳಸು’ ಹಾಗಲ್ಲ. ಅದರ ಎದುರಿಗೆ ಗುತ್ತಿಗೆದಾರ ಮಾತ್ರವಲ್ಲ, ಕತ್ತಿ ಹಿಡಿದು ಬೆಟ್ಟಕ್ಕೆ ಹೋಗುವ ನಾವೂ ಇದ್ದೇವೆ.

ಗೋಡೆಯಲ್ಲಿ ಜಾಗವಿದ್ದರೆ ಮೂರನೆಯ ಮಾತನ್ನು ಬರೆಸಿ. ಹೇಗೆ ಬಳಸುವುದೆಂದು ಮಕ್ಕಳು ಕೇಳಿದರೆ ಅಜ್ಜನನ್ನು ಒಂದು ದಿನ ಶಾಲೆಗೆ ಕರೆದುಕೊಂಡು ಹೋಗಿ.